ಸಣ್ಣ ಗಿಗ್‌ಗಳಲ್ಲಿ ಸ್ವಂತ ಹಾಡು ಮಾರುವುದು: ಸಿಡಿ ಪೆಟ್ಟಿಗೆ ಹಾಗೇ ಉಳಿದಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಒಂಟಿಗಿಟಾರ್

ಎಲ್ಲರಿಗೂ ನಮಸ್ಕಾರ. ನಾನು ಒಬ್ಬನೇ ಗಿಟಾರ್ ಹಿಡಿದು ಹಾಡುವವನು. ಹಾಡುಗಳೆಲ್ಲ ನಾನೇ ಬರೆದದ್ದು. ಹೋದ ವರ್ಷ ಎಂಟು ಹಾಡು ರೆಕಾರ್ಡ್ ಮಾಡಿ 300 ಸಿಡಿ ಮಾಡಿಸಿದೆ. ನೂರು ಮಾಡಿಸಿದರೂ ಮುನ್ನೂರು ಮಾಡಿಸಿದರೂ ಒಟ್ಟು ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅಂದರು, ಸರಿ ಅಂದುಬಿಟ್ಟೆ.

ಅಲ್ಲಿಂದ ಇಲ್ಲಿಗೆ 14 ಗಿಗ್, ಅಂದರೆ ಹಾಡಿನ ಕಾರ್ಯಕ್ರಮ, ಆಗಿದೆ. ಎಲ್ಲ ಚಿಕ್ಕ ಜಾಗಗಳು, ಮೂವತ್ತು ನಲವತ್ತು ಜನ. ಮಾರಿದ್ದು 41. ಅದರಲ್ಲೂ ಹತ್ತು ಹನ್ನೆರಡು ತೊಗೊಂಡಿದ್ದು ನನ್ನ ಗೆಳೆಯರೇ. ಜನಕ್ಕೆ ಹಾಡು ಇಷ್ಟ ಆಗಿಲ್ಲ ಅಂತಲ್ಲ. ಮುಗಿದ ಮೇಲೆ ಬಂದು ಮಾತಾಡಿಸುತ್ತಾರೆ, ಒಂದಿಬ್ಬರು ಕಣ್ಣು ಒದ್ದೆ ಮಾಡಿಕೊಂಡದ್ದೂ ಇದೆ. ಆಮೇಲೆ ಸಿಡಿ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಹಾಕೋಕೆ ಮನೇಲಿ ಏನೂ ಇಲ್ವಲ್ಲ" ಅಂತ ಮೆಲ್ಲಗೆ ವಾಪಸ್ ಇಡುತ್ತಾರೆ.

ಸಿಡಿ ಬಿಟ್ಟು ಪೆನ್‌ಡ್ರೈವ್‌ಗೆ ಹೋಗಲಾ? ಕ್ಯೂಆರ್ ಕೋಡ್ ಸಾಕಾ? ಬೆಲೆ ಇಳಿಸಲಾ? ಗಿಗ್‌ಗಳಲ್ಲಿ ಮಾರಿ ಅನುಭವ ಇರುವವರು ದಯವಿಟ್ಟು ಹೇಳಿ.

ಟೇಬಲ್‌ಕಾವಲು

ನಾನು ಹಾಡುವವಳಲ್ಲ. ಆರು ವರ್ಷದಿಂದ ಒಂದು ತಂಡದ ಜೊತೆ ಹೋಗಿ ಅವರ ಮಾರಾಟದ ಟೇಬಲ್ ನೋಡಿಕೊಳ್ಳುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾನೇ ಮೂರು ಕೇಳುತ್ತೇನೆ. ಟೇಬಲ್ ಎಲ್ಲಿ ಇಡ್ತೀರಿ? ಅಲ್ಲಿ ಯಾರು ಕೂರ್ತಾರೆ? ಸಿಡಿ ಇದೆ ಅಂತ ಜನಕ್ಕೆ ಯಾವಾಗ ಹೇಳ್ತೀರಿ?

ಒಂಟಿಗಿಟಾರ್

ಟೇಬಲ್ ಅಂತ ಪ್ರತ್ಯೇಕ ಇಲ್ಲ. ವೇದಿಕೆ ಪಕ್ಕ ಗಿಟಾರ್ ಪೆಟ್ಟಿಗೆ ತೆರೆದು ಅದರೊಳಗೆ ಜೋಡಿಸಿರುತ್ತೇನೆ. ಕೂರುವವರು ಯಾರೂ ಇಲ್ಲ, ನಾನೇ. ಕೊನೆ ಹಾಡು ಆದ ಮೇಲೆ ಥ್ಯಾಂಕ್ಸ್ ಹೇಳುವಾಗ ಸಿಡಿ ಇದೆ ಅಂತಲೂ ಹೇಳುತ್ತೇನೆ. ಆಮೇಲೆ ಕೇಬಲ್ ಸುತ್ತಿ, ಮೈಕ್ ಸ್ಟ್ಯಾಂಡ್ ಮಡಚಿ, ಅಷ್ಟರಲ್ಲಿ ಅರ್ಧ ಜನ ಹೋಗಿರುತ್ತಾರೆ.

ಟೇಬಲ್‌ಕಾವಲು

ಅಂದುಕೊಂಡೆ. ನಿಮ್ಮ ತೊಂದರೆ ಸಿಡಿ ಅಲ್ಲ ಸರ್, ಆ ಹತ್ತು ನಿಮಿಷ.

ಕೊನೆ ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಜನರ ಮನಸ್ಸು ತುಂಬಿರುತ್ತದೆ. ಆಗ ಅವರಿಗೆ ಏನಾದರೂ ಮಾಡಬೇಕು ಅನಿಸುತ್ತಿರುತ್ತದೆ. ಮಾತಾಡಿಸಬೇಕು, ಏನಾದರೂ ಹಿಡಿದುಕೊಂಡು ಮನೆಗೆ ಹೋಗಬೇಕು. ಐದು ನಿಮಿಷದಲ್ಲಿ ಫೋನ್ ತೆಗೆಯುತ್ತಾರೆ, ಗಾಡಿ ನೆನಪಾಗುತ್ತದೆ, ಹೋಗುತ್ತಾರೆ. ನೀವು ಆ ಹೊತ್ತಿಗೆ ಬೆನ್ನು ತಿರುಗಿಸಿಕೊಂಡು ಕೇಬಲ್ ಸುತ್ತುತ್ತಿದ್ದೀರಿ. ನೀವು ಕೆಲಸದಲ್ಲಿರುವಾಗ ಅಡ್ಡ ಬರಲು ಅವರಿಗೂ ಸಂಕೋಚ ಅಲ್ವಾ?

ಕೇಬಲ್ ಎಲ್ಲಿಗೂ ಓಡಿ ಹೋಗುವುದಿಲ್ಲ. ನಿಮ್ಮ ನಂತರ ಬೇರೆಯವರು ಹಾಡುವುದಿದ್ದರೆ ಜಾಗ ಬಿಟ್ಟುಕೊಡಬೇಕು, ನಿಜ. ಹಾಗಿದ್ದರೆ ಗಿಟಾರ್ ಎತ್ತಿ ಪಕ್ಕಕ್ಕಿಟ್ಟು ಸೀದಾ ಟೇಬಲ್‌ಗೆ ಬನ್ನಿ, ಮಿಕ್ಕಿದ್ದಕ್ಕೆ ಮೊದಲೇ ಒಬ್ಬರನ್ನು ಕೇಳಿಟ್ಟುಕೊಳ್ಳಿ. ಟೇಬಲ್ ಬಾಗಿಲ ಹತ್ತಿರ ಇರಲಿ, ಎಲ್ಲರೂ ಹೊರಗೆ ಹೋಗುವುದು ಅಲ್ಲಿಂದಲೇ. ವೇದಿಕೆಯ ಪಕ್ಕಕ್ಕೆ ಬರಬೇಕೆಂದರೆ ಜನ ಎಲ್ಲರ ಕಣ್ಣೆದುರು ಮುಂದೆ ನಡೆದು ಬರಬೇಕು, ನಾಚಿಕೆ ಸ್ವಭಾವದವರು ಬರುವುದೇ ಇಲ್ಲ. ಒಂದು ಚಿಕ್ಕ ದೀಪ ಮರೆಯಬೇಡಿ. ಗಿಗ್ ನಡೆಯುವ ಜಾಗಗಳಲ್ಲಿ ಕತ್ತಲೆ ಇರುತ್ತದೆ, ಸಿಡಿಯ ಹಿಂದಿನ ಅಕ್ಷರ ಯಾರಿಗೂ ಕಾಣುವುದಿಲ್ಲ. ಬೆಲೆಯನ್ನು ಕೈಯಗಲದ ಅಕ್ಷರದಲ್ಲಿ ಬರೆದು ನಿಲ್ಲಿಸಿ. ಬೆಲೆ ಕೇಳಬೇಕಾಗಿ ಬಂದರೆ ಎಷ್ಟೋ ಜನ ಕೇಳದೇ ಹೊರಟುಹೋಗುತ್ತಾರೆ, ನಾನು ಇದನ್ನು ಆರು ವರ್ಷ ನೋಡಿದ್ದೇನೆ.

ಇನ್ನು ಹೇಳುವ ವಿಷಯ. ಕೊನೆಯಲ್ಲಿ ಹೇಳಬೇಡಿ. ನಿಮ್ಮ ಸೆಟ್‌ನಲ್ಲಿ ಅತಿ ಹೆಚ್ಚು ಚಪ್ಪಾಳೆ ಬರುವ ಹಾಡು ಯಾವುದು ಅಂತ ನಿಮಗೆ ಗೊತ್ತಿರುತ್ತದೆ. ಅದು ಮುಗಿದ ತಕ್ಷಣ, "ಈ ಹಾಡು ಬಾಗಿಲ ಹತ್ತಿರ ಇರುವ ಸಿಡಿಯಲ್ಲಿ ಇದೆ, ಮುಗಿದ ಮೇಲೆ ನಾನೇ ಅಲ್ಲಿ ನಿಂತಿರ್ತೀನಿ" ಅಷ್ಟೇ. ಒಂದೇ ವಾಕ್ಯ. ಕೊನೆ ಹಾಡಿಗೆ ಮುಂಚೆ ಇನ್ನೊಂದು ಸಲ. ನಾವು ಹೀಗೆ ಬದಲಾಯಿಸಿದ ಮೇಲೆ ಕಂಡ ವ್ಯತ್ಯಾಸ ಬೇರೆ ಯಾವುದರಿಂದಲೂ ಬರಲಿಲ್ಲ. ಹೊಸ ಕವರ್, ಹೊಸ ಬೆಲೆ, ಸ್ಟಿಕ್ಕರ್, ಎಲ್ಲ ಆಮೇಲೆ.

ನಾಲ್ಕುಜನ

ಮೇಲಿನವರು ಹೇಳಿದ್ದು ಪೂರ್ತಿ ನಿಜ. ಆದರೂ ಪೆನ್‌ಡ್ರೈವ್ ಬಗ್ಗೆ ಕೇಳಿದ್ದೀರಿ, ನಾವು ಮಾಡಿ ಕೈ ಸುಟ್ಟುಕೊಂಡಿದ್ದೇವೆ, ಅದಕ್ಕೆ ಹೇಳುತ್ತೇನೆ.

ನಮ್ಮದು ನಾಲ್ಕು ಜನರ ಬ್ಯಾಂಡ್. 50 ಪೆನ್‌ಡ್ರೈವ್ ಮಾಡಿಸಿದೆವು, ಮೇಲೆ ನಮ್ಮ ಹೆಸರು ಅಚ್ಚು ಹಾಕಿಸಿ. ಮೊದಲನೇದಾಗಿ ಒಂದೊಂದಕ್ಕೂ ಸಿಡಿಗಿಂತ ಜಾಸ್ತಿ ಖರ್ಚು. ಎರಡನೇದು, ನಾವು ಅದನ್ನು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ (ಡ್ರೈವ್‌ನೊಳಗೆ ಫೈಲ್ ಜೋಡಿಸುವ ಒಂದು ರೀತಿ) ತುಂಬಿಸಿಬಿಟ್ಟಿದ್ದೆವು. ಹಳೆಯ ಕಾರ್ ಸ್ಟೀರಿಯೋಗಳಲ್ಲಿ ತುಂಬ ಕಡೆ ಓದಲೇ ಇಲ್ಲ. ಫ್ಯಾಟ್32 ಅನ್ನುವ ಹಳೆಯ ರೀತಿಯಲ್ಲಿ ಮಾಡಬೇಕಿತ್ತು. ಡಬ್ಲ್ಯೂಎವಿ ಅನ್ನುವ ದೊಡ್ಡ ಆಡಿಯೋ ಫೈಲ್ ಹಾಕಿದ್ದೆವು, ಅದೂ ಕೆಲವು ಸ್ಟೀರಿಯೋಗಳಿಗೆ ಹಿಡಿಸಲಿಲ್ಲ. ಎಂಪಿ3 ಹಾಕಿದ್ದರೆ ಎಲ್ಲ ಕಡೆ ನಡೆಯುತ್ತಿತ್ತು. ಮೂರನೇದು ನನಗೆ ತುಂಬ ಬೇಜಾರಾದದ್ದು: ಒಬ್ಬ ಕೇಳುಗರು ಎರಡು ತಿಂಗಳ ಮೇಲೆ ಸಿಕ್ಕಿ, ಹಾಡು ಅಳಿಸಿ ಆಫೀಸ್ ಫೈಲ್ ತುಂಬಿಕೊಂಡೆ ಅಂದರು. ಅವರ ತಪ್ಪೇನಿಲ್ಲ. ಪೆನ್‌ಡ್ರೈವ್ ಅಂದರೆ ಜನರಿಗೆ ಖಾಲಿ ಜಾಗ, ಹಾಡಲ್ಲ.

ಈಗ ನಾವು ಮಾರುವುದು ಒಂದು ಕಾರ್ಡ್. ಅಂಚೆ ಕಾರ್ಡಿನಷ್ಟು ದೊಡ್ಡದು, ದಪ್ಪ ಕಾಗದ. ಮುಂದೆ ಚಿತ್ರ, ಹಿಂದೆ ಒಂದು ಹಾಡಿನ ಪೂರ್ತಿ ಸಾಹಿತ್ಯ, ಕೆಳಗೆ ಡೌನ್‌ಲೋಡ್ ಕೋಡ್. ಹಾಡುವವರು ತಮ್ಮ ಹಾಡು ತಾವೇ ಮಾರುವ ಬ್ಯಾಂಡ್‌ಕ್ಯಾಂಪ್ ಸೈಟ್‌ನಲ್ಲಿ ಈ ಕೋಡ್‌ಗಳನ್ನು ಮಾಡಿಕೊಳ್ಳಬಹುದು, ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಕಾರ್ಡನ್ನು ನಾವು ಕೈಯಲ್ಲಿ ಮಾರುವುದರಿಂದ ಆ ಹಣ ಪೂರ್ತಿ ನಮಗೇ. ಅದೇ ಆಲ್ಬಂ ಅವರ ಸೈಟ್‌ನಲ್ಲೇ ಮಾರಿದರೆ ಡಿಜಿಟಲ್‌ಗೆ 15 ಪರ್ಸೆಂಟ್ ಅವರದ್ದು, ಹಣ ಕಳಿಸುವ ಖರ್ಚು ಬೇರೆ. ನನ್ನ ಪ್ರಕಾರ ಅದೂ ನ್ಯಾಯವೇ, ಆದರೆ ಗಿಗ್‌ನಲ್ಲಿ ಯಾಕೆ ಬಿಡಬೇಕು?

ಮಿಕ್ಸರ್‌ಹಿಂದೆ

ಸೌಂಡ್ ಮಾಡುವವನು ನಾನು, ವಾರಕ್ಕೆ ಎರಡು ಮೂರು ಚಿಕ್ಕ ಗಿಗ್ ನೋಡುತ್ತೇನೆ. ಯಾರೂ ಹೇಳದ ಒಂದು ವಿಷಯ ಹೇಳಲಾ? ಒಂಟಿಗಿಟಾರ್ ಅವರೇ, ನಿಮ್ಮ ಸಿಡಿಯಲ್ಲಿ ಏನಿದೆ? ಬರೀ ನೀವು ಮತ್ತು ಗಿಟಾರಾ, ಅಥವಾ ಡ್ರಮ್ಸ್, ಬೇಸ್, ಕೀಬೋರ್ಡ್ ಎಲ್ಲ ಸೇರಿಸಿದ್ದೀರಾ?

ಒಂಟಿಗಿಟಾರ್

ಎಲ್ಲ ಸೇರಿಸಿದ್ದೇವೆ ಸರ್. ಸ್ಟುಡಿಯೋದಲ್ಲಿ ಸ್ವಲ್ಪ ತುಂಬಿಕೊಂಡಿರಲಿ ಅಂದರು. ಎರಡು ಹಾಡಿಗೆ ತಂತಿವಾದ್ಯಗಳೂ ಇವೆ.

ಮಿಕ್ಸರ್‌ಹಿಂದೆ

ಅದು ತಪ್ಪು ಅನ್ನುತ್ತಿಲ್ಲ. ಆದರೆ ಆ ರಾತ್ರಿ ಜನರ ಎದೆಗೆ ತಾಕಿದ್ದು ಒಬ್ಬ ಮನುಷ್ಯ, ಒಂದು ಗಿಟಾರ್, ನಡುವೆ ಬಂದ ಮೌನ. ಮನೆಗೆ ಹೋಗಿ ಹಾಕಿದರೆ ಬೇರೆ ಯಾರೋ ಹಾಡಿದ ಹಾಗಿರುತ್ತದೆ. ಇನ್ನೊಬ್ಬರಿಗೆ ಕೇಳಿಸಿ "ನಾನು ಹೇಳಿದ್ನಲ್ಲ ಆ ಹಾಡು" ಅನ್ನಲು ಆಗುವುದಿಲ್ಲ. ನನ್ನ ಅನುಭವದಲ್ಲಿ ಗಿಗ್‌ನ ಟೇಬಲ್‌ನಲ್ಲಿ ಚೆನ್ನಾಗಿ ಹೋಗುವುದು ಗಿಗ್‌ನ ಹಾಗೇ ಕೇಳಿಸುವ ರೆಕಾರ್ಡಿಂಗ್. ಮುಂದಿನ ಸಲ ಮಿಕ್ಸರ್‌ನಿಂದ (ಮೈಕ್‌ಗಳ ಶಬ್ದ ಹೊಂದಿಸುವ ಯಂತ್ರ) ನಿಮ್ಮ ಧ್ವನಿ ಒಂದು ಟ್ರ್ಯಾಕ್, ಗಿಟಾರ್ ಒಂದು ಟ್ರ್ಯಾಕ್ ತೆಗೆದುಕೊಂಡು, ಕೋಣೆಯಲ್ಲಿ ಜನರ ಕಡೆಗೆ ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿಸಿ. ಬರೀ ಮಿಕ್ಸರ್‌ನದ್ದು ತೆಗೆದುಕೊಂಡರೆ ಒಣ ಒಣ ಅನಿಸುತ್ತದೆ, ಕೋಣೆಯ ಮೈಕ್ ಸೇರಿದರೆ ಮಾತ್ರ ಆ ಜಾಗ ಕೇಳಿಸುತ್ತದೆ. ಮೈಕ್ ದೂರ ಇರುವುದರಿಂದ ಶಬ್ದ ಸ್ವಲ್ಪ ತಡವಾಗಿ ತಲುಪುತ್ತದೆ, ಒಂದು ಮೀಟರ್‌ಗೆ ಸುಮಾರು 3 ಮಿಲಿಸೆಕೆಂಡ್. ಹತ್ತು ಮೀಟರ್ ಹಿಂದೆ ಇಟ್ಟಿದ್ದರೆ ಆ ಟ್ರ್ಯಾಕನ್ನು 30 ಮಿಲಿಸೆಕೆಂಡ್ ಮೊದಲೇ ಶುರುವಾಗುವ ಹಾಗೆ ಎಳೆದು ಹೊಂದಿಸಿ. ರೆಕಾರ್ಡ್ ಮಾಡುವ ಮುಂಚೆ ಜಾಗದವರನ್ನೂ ಜೊತೆಗೆ ನುಡಿಸುವವರನ್ನೂ ಕೇಳಿ. ಇದು ಮರ್ಯಾದೆಯ ವಿಷಯ.

ಇನ್ನೊಂದು, ನೀವು 300 ಮಾಡಿಸಿದ್ದರ ಬಗ್ಗೆ. ಫ್ಯಾಕ್ಟರಿಯಲ್ಲಿ ಸಿಡಿ ಒತ್ತಬೇಕಾದರೆ ಮೊದಲು ಗ್ಲಾಸ್ ಮಾಸ್ಟರ್, ಅಂದರೆ ಗಾಜಿನ ಮೂಲ ತಟ್ಟೆ, ಮಾಡಿ ಅದರಿಂದ ಅಚ್ಚು ತೆಗೆಯಬೇಕು. ಆ ಖರ್ಚು ಹತ್ತು ಒತ್ತಿದರೂ ಅಷ್ಟೇ, ಸಾವಿರ ಒತ್ತಿದರೂ ಅಷ್ಟೇ. ಅದಕ್ಕೇ ಜಾಸ್ತಿ ಮಾಡಿಸಿ ಅನ್ನುತ್ತಾರೆ. ಮೂವತ್ತು ಜನರ ಗಿಗ್ ಮಾಡುವವರಿಗೆ ಅದು ಬೇಕಿಲ್ಲ. ಖಾಲಿ ಸಿಡಿ-ಆರ್ ತಂದು ಐವತ್ತು ಐವತ್ತು ಬರೆದುಕೊಳ್ಳಿ, ಮುಗಿದರೆ ಮತ್ತೆ ಐವತ್ತು. ಅದರ ಮೇಲೆ ಅಂಟಿಸುವ ಲೇಬಲ್ ಮಾತ್ರ ಹಾಕಬೇಡಿ. ಸ್ವಲ್ಪ ಓರೆ ಅಂಟಿದರೂ ತಿರುಗುವಾಗ ತೂಕ ತಪ್ಪುತ್ತದೆ, ಕಾರಿನ ಬಿಸಿಗೆ ಅಂಟು ಬಿಡುತ್ತದೆ. ನೇರ ಪ್ರಿಂಟ್ ಆಗುವ ಬಿಳಿ ಮೇಲ್ಮೈ ಸಿಡಿ ಸಿಗುತ್ತದೆ. ಬರೆದ ಸಿಡಿಯೊಳಗಿನ ಬಣ್ಣದ ಪದರಕ್ಕೆ ಬಿಸಿಲು ಆಗದು, ಪೆಟ್ಟಿಗೆ ಕಿಟಕಿ ಹತ್ತಿರ ಇಡಬೇಡಿ.

ಹಾಂ, ಮರೆತೆ. ಸಾಮಾನ್ಯ ಆಡಿಯೋ ಸಿಡಿಯಲ್ಲಿ ಸಿಡಿ-ಟೆಕ್ಸ್ಟ್ (ಸಿಡಿಯೊಳಗೇ ಹೆಸರು ಬರೆದಿಡುವ ವ್ಯವಸ್ಥೆ) ಸೇರಿಸದಿದ್ದರೆ ಹಾಡಿನ ಹೆಸರೇ ಇರುವುದಿಲ್ಲ. ಕಂಪ್ಯೂಟರ್‌ಗೆ ಹಾಕಿದಾಗ ಕಾಣುವ ಹೆಸರು ಸಾಮಾನ್ಯವಾಗಿ ಇಂಟರ್ನೆಟ್‌ನ ದಾಖಲೆಯಿಂದ ಬರುತ್ತದೆ. ಮ್ಯೂಸಿಕ್‌ಬ್ರೇನ್ಸ್ ಅನ್ನುವ ಅಂಥ ಒಂದು ದಾಖಲೆಯಲ್ಲಿ ಯಾರು ಬೇಕಾದರೂ ಉಚಿತವಾಗಿ ಸೇರಿಸಬಹುದು. ಸೇರಿಸಿ. ನಿಮ್ಮ ಹಾಡು ಯಾರದೋ ಮನೆಯಲ್ಲಿ "ಟ್ರ್ಯಾಕ್ 1" ಅಂತ ಅನಾಥವಾಗಿ ಕೂರಬಾರದು.

ಹೊಸತಂತಿ

ಇಷ್ಟೆಲ್ಲ ಯಾಕೆ ಅಂತ ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ. ಎಲ್ಲರ ಹತ್ತಿರ ಫೋನ್ ಇದೆ. ಸ್ಟ್ರೀಮಿಂಗ್‌ನಲ್ಲಿ ಹಾಕಿ, ಒಂದು ಕ್ಯೂಆರ್ ಕೋಡ್ ಅಂಟಿಸಿದರೆ ಆಯ್ತಲ್ಲ?

ನಾಲ್ಕುಜನ

ಹಾಕಿ, ಬೇಡ ಅನ್ನಲ್ಲ. ಆದರೆ ಅದನ್ನು ಮಾರಾಟ ಅಂತ ಲೆಕ್ಕ ಹಿಡಿಯಬೇಡಿ. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ: ಹಿಂದಿನ 12 ತಿಂಗಳಲ್ಲಿ ಒಂದು ಹಾಡು ಕನಿಷ್ಠ 1,000 ಸಲ ಕೇಳಿರದಿದ್ದರೆ ಆ ರೆಕಾರ್ಡಿಂಗ್‌ಗೆ ಹಣವೇ ಇಲ್ಲ. ಮೂವತ್ತು ಜನರ ಮುಂದೆ ಹಾಡುವವರಿಗೆ ಒಂದೊಂದು ಹಾಡಿಗೂ ಆ ಸಾವಿರ ದಾಟುವುದು ಸುಲಭ ಅಲ್ಲ. ಅದೇ ಮೂವತ್ತರಲ್ಲಿ ಐದು ಜನ ಸಿಡಿ ತೊಗೊಂಡರೆ ಅವತ್ತಿನ ಪ್ರಯಾಣದ ಖರ್ಚಿಗಾದರೂ ಆಗುತ್ತದೆ.

ಕ್ಯೂಆರ್ ಹಾಕುವುದಾದರೆ ಸರಿಯಾಗಿ ಹಾಕಿ. ಸುತ್ತಲೂ ಕೋಡ್‌ನೊಳಗಿನ ಪುಟ್ಟ ಚೌಕ ಇದೆಯಲ್ಲ, ಅಂಥ ನಾಲ್ಕು ಚೌಕದಷ್ಟು ಖಾಲಿ ಬಿಳಿ ಅಂಚು ಬಿಡಲೇಬೇಕು. ಪೋಸ್ಟರ್ ಮಾಡುವವರು ಅಂದ ಕಾಣಲಿ ಅಂತ ಅದನ್ನೇ ಮೊದಲು ಕತ್ತರಿಸುತ್ತಾರೆ, ಆಮೇಲೆ ಸ್ಕ್ಯಾನ್ ಆಗಲ್ಲ. ದೂರದ ಹತ್ತನೇ ಒಂದು ಭಾಗ ಅಗಲ ಇರಲಿ, ಅಂದರೆ ಎರಡು ಮೀಟರ್‌ನಿಂದ ಸ್ಕ್ಯಾನ್ ಆಗಬೇಕಾದರೆ 20 ಸೆಂಟಿಮೀಟರ್. ತಪ್ಪು ತಿದ್ದುವ ಮಟ್ಟ ಅಂತ ಒಂದು ಇರುತ್ತದೆ, ಅದನ್ನು ಅತಿ ಹೆಚ್ಚಿಗೆ ಇಟ್ಟರೆ ಸುಮಾರು 30 ಪರ್ಸೆಂಟ್ ಹಾಳಾದರೂ ಓದುತ್ತದೆ. ಚಹಾ ಚೆಲ್ಲುವ ಟೇಬಲ್‌ಗೆ ಅದು ಬೇಕು. ಮುಖ್ಯವಾಗಿ ಕೋಡ್ ನಿಮ್ಮ ಸ್ವಂತ ವೆಬ್ ವಿಳಾಸಕ್ಕೆ ಹೋಗಲಿ. ಚಂದಾ ಕಟ್ಟುವ ಕೋಡ್ ಸೇವೆ ಬಳಸಿ, ಚಂದಾ ನಿಂತ ದಿನ ನಮ್ಮ ಇನ್ನೂರು ಕಾರ್ಡ್‌ಗಳ ಮೇಲಿನ ಕ್ಯೂಆರ್ ಸತ್ತುಹೋಯಿತು. ಕೊಂಡವರು ಒಬ್ಬೊಬ್ಬರಾಗಿ ಕೇಳಿದಾಗ ಆದ ಸಂಕಟ ಹೇಳತೀರದು. ಆಮೇಲೆ ಎಲ್ಲ ಕಾರ್ಡ್ ಮತ್ತೆ ಅಚ್ಚು ಹಾಕಿಸಿದೆವು.

ನೆಲಮಾಳಿಗೆಯ ಜಾಗಗಳಲ್ಲಿ ಸಿಗ್ನಲ್ ಸಿಗುವುದೂ ಕಷ್ಟ. ಫೋನ್‌ನಲ್ಲೇ ಹಣ ತೊಗೊಳ್ಳುವುದಿದ್ದರೂ ಒಂದು ಡಬ್ಬಿ ಚಿಲ್ಲರೆ ಇಟ್ಟುಕೊಂಡಿರಿ.

ಕೇಳುಗಿ

ನಾನು ಬರೀ ಕೇಳುವವಳು. ಈ ಚರ್ಚೆ ಓದಿ ಸುಮ್ನೆ ಇರಲಾಗಲಿಲ್ಲ.

ನನ್ನ ಹತ್ತಿರ ಸಿಡಿ ಪ್ಲೇಯರ್ ಇಲ್ಲ. ಆದರೂ ಶೆಲ್ಫಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸಿಡಿ ಇವೆ, ಎರಡು ಕ್ಯಾಸೆಟ್ ಇವೆ, ಎಲ್ಲ ಗಿಗ್‌ಗಳಲ್ಲಿ ಕೊಂಡವು. ಯಾಕೆ ಕೊಂಡೆ ಅಂದರೆ ಆ ಸಂಜೆ ನನ್ನದಾಗಬೇಕಿತ್ತು. ಒಂದರ ಮೇಲೆ ಹಾಡಿದಾಕೆ ನನ್ನ ಹೆಸರು ಕೇಳಿ ಬರೆದುಕೊಟ್ಟಿದ್ದಾಳೆ, ದಿನಾಂಕ ಸಮೇತ. ಅಪ್ಪ ತೀರಿಕೊಂಡ ಮೇಲೆ ನಾನು ಮೊದಲ ಸಲ ಹೊರಗೆ ಹೋಗಿದ್ದು ಆ ಕಾರ್ಯಕ್ರಮಕ್ಕೆ. ಅದನ್ನು ಆಕೆಗೆ ಹೇಳಲಿಲ್ಲ. ಕೊಂಡೆ, ಅಷ್ಟೇ.

ಹಾಡು ಕೇಳಲು ನನಗೆ ಡೌನ್‌ಲೋಡ್ ಬೇಕು. ಹಾಗಾಗಿ ಸಿಡಿಯೊಳಗೆ ಕೋಡ್ ಇರುವ ಚೀಟಿ ಇದ್ದರೆ "ಹಾಕೋಕೆ ಏನೂ ಇಲ್ಲ" ಅನ್ನುವ ಪ್ರಶ್ನೆ ಬರುವುದೇ ಇಲ್ಲ. ಸಾಹಿತ್ಯ ಅಚ್ಚು ಹಾಕಿಸಿ ದಯವಿಟ್ಟು. ಗಿಗ್‌ನಲ್ಲಿ ಅರ್ಧ ಸಾಲು ಕೇಳಿಸಿರುವುದಿಲ್ಲ, ಮನೆಗೆ ಬಂದು ಓದುವಾಗ "ಓ ಇದಾ ಹೇಳಿದ್ದು" ಅನಿಸುತ್ತದಲ್ಲ, ಆ ಖುಷಿ ಬೇರೆಯೇ.

ಒಂಟಿಗಿಟಾರ್

ಇದನ್ನು ಮೂರು ಸಲ ಓದಿದೆ. ಬರೆದದ್ದಕ್ಕೆ ತುಂಬ ಧನ್ಯವಾದ. ಸಾಹಿತ್ಯ ಹಾಕಿಸಿಲ್ಲ ನಾನು, ಒಂದು ಹಾಳೆ ಉಳಿಸಲು ಹೋಗಿ.

ಬೆಲೆ ಬಗ್ಗೆ ಹೇಳಿ. "ನಿಮಗೆ ಎಷ್ಟು ಅನಿಸುತ್ತೋ ಅಷ್ಟು ಕೊಡಿ" ಅಂದರೆ ಹೇಗೆ?

ಹೊಸತಂತಿ

ಅದು ನಡೆಯುತ್ತದೆ. 2007ರಲ್ಲಿ ರೇಡಿಯೋಹೆಡ್ ಅನ್ನುವ ಬ್ರಿಟಿಷ್ ಬ್ಯಾಂಡ್‌ನವರು ತಮ್ಮ ಹೊಸ ಆಲ್ಬಂನ ಡೌನ್‌ಲೋಡ್‌ಗೆ ಕೇಳುಗರೇ ಬೆಲೆ ಇಡಲಿ ಅಂತ ಬಿಟ್ಟಿದ್ದರು.

ಟೇಬಲ್‌ಕಾವಲು

ಅವರಿಗೆ ಆಗಲೇ ಲೋಕವೆಲ್ಲ ಕೇಳುಗರಿದ್ದರು. ಅದೂ ಇಂಟರ್ನೆಟ್‌ನಲ್ಲಿ, ಎದುರಿಗೆ ಯಾರೂ ಇಲ್ಲದೆ. ಟೇಬಲ್ ಮುಂದೆ ನಿಂತವರಿಗೆ ಹಾಗೆ ಹೇಳಿದರೆ ಗೊಂದಲ ಆಗುತ್ತದೆ. ಕಮ್ಮಿ ಕೊಟ್ಟರೆ ಅವಮಾನ ಮಾಡಿದ ಹಾಗಾ, ಜಾಸ್ತಿ ಕೊಡಲು ಕೈಯಲ್ಲಿ ಇದೆಯಾ ಅಂತ ಯೋಚಿಸುತ್ತಾ ನಿಂತುಬಿಡುತ್ತಾರೆ. ಹಿಂದಿನವರು ಕಾದು ಕಾದು ಹೋಗುತ್ತಾರೆ.

ನಾನು ಮಾಡುವುದು ಇದು. ಒಂದೇ ನೋಟಿಗೆ ಸಿಗುವ, ಚಿಲ್ಲರೆ ಬೇಡದ ಬೆಲೆ ಇಟ್ಟು, ಕೆಳಗೆ "ಕೈಯಲ್ಲಿ ಕಮ್ಮಿ ಇದ್ದರೆ ಹೇಳಿ, ಪರವಾಗಿಲ್ಲ" ಅಂತ ಬರೆದಿರುತ್ತೇನೆ. ವಿದ್ಯಾರ್ಥಿಗಳು ಹೇಳುತ್ತಾರೆ, ಕೊಡುತ್ತೇನೆ. ಕೆಲವರು ಅದನ್ನು ಓದಿ ಜಾಸ್ತಿಯೇ ಕೊಡುತ್ತಾರೆ. ತಯಾರಿಕೆಯ ಖರ್ಚಿನ ಮೂರು ಪಟ್ಟು ಬೆಲೆ ಇಟ್ಟರೆ ನೂರರಲ್ಲಿ 34 ಮಾರುವ ಹೊತ್ತಿಗೆ ಅಸಲು ಬಂದಿರುತ್ತದೆ, ಉಳಿದ 66 ನಿಮ್ಮ ದುಡಿಮೆ. ಗಿಗ್‌ಗೆ ಹತ್ತು ಸಿಡಿ ಮಾತ್ರ ಟೇಬಲ್ ಮೇಲಿಡಿ, ಉಳಿದದ್ದು ಕೆಳಗಿರಲಿ. ಎತ್ತರದ ಗೋಪುರ ನೋಡಿದರೆ ಯಾರೂ ಕೊಂಡಿಲ್ಲ ಅನಿಸುತ್ತದೆ.

ಉಚಿತವಾಗಿ ಮಾತ್ರ ಹಂಚಬೇಡಿ. ಕೊಟ್ಟರೆ ಮನಸಾರೆ ಒಬ್ಬರಿಗೆ ಕೊಡಿ, ರಾಶಿ ಹಾಕಿ ತೊಗೊಳ್ಳಿ ಅನ್ನಬೇಡಿ. ನಾವು ಒಮ್ಮೆ ಹಾಗೆ ಮಾಡಿ, ಅವತ್ತು ರಾತ್ರಿ ಅದೇ ಸಿಡಿಗಳನ್ನು ಕುರ್ಚಿಗಳ ಕೆಳಗಿಂದ ಆರಿಸಿಕೊಂಡೆವು. ನಮ್ಮ ತಂಡದ ಹುಡುಗರ ಮುಖ ನೋಡಲಾಗಲಿಲ್ಲ.

ಮಿಕ್ಸರ್‌ಹಿಂದೆ

ಜಾಗದವರ ಪಾಲು ಬಗ್ಗೆಯೂ ಮೊದಲೇ ಕೇಳಿಕೊಳ್ಳಿ. ದೊಡ್ಡ ಹಾಲ್‌ಗಳಲ್ಲಿ ಟೇಬಲ್ ಮಾರಾಟದಲ್ಲಿ ಪಾಲು ಕೇಳುವ ಪದ್ಧತಿ ಇದೆ. ಬ್ರಿಟನ್‌ನ ಫೀಚರ್ಡ್ ಆರ್ಟಿಸ್ಟ್ಸ್ ಕೋಯಲಿಷನ್ ಅನ್ನುವ ಸಂಗೀತಗಾರರ ಸಂಘ 2022ರಲ್ಲಿ ಪಾಲು ಕೇಳದ ಜಾಗಗಳ ಪಟ್ಟಿಯನ್ನೇ ಮಾಡಿತು, ಅಷ್ಟು ದೊಡ್ಡ ವಿಷಯವಾಗಿತ್ತು. ಚಿಕ್ಕ ಜಾಗಗಳಲ್ಲಿ ಇದು ಅಪರೂಪ, ಆದರೆ ಗಿಗ್ ಮುಗಿದ ಮೇಲೆ ಗೊತ್ತಾಗಬಾರದು.

ಬೇರೆಯವರ ಹಾಡು ಸಿಡಿಯಲ್ಲಿ ಹಾಕುವುದಿದ್ದರೆ ಜೋಪಾನ. ವೇದಿಕೆಯಲ್ಲಿ ಹಾಡುವುದು ಬೇರೆ, ರೆಕಾರ್ಡ್ ಮಾಡಿ ಮಾರುವುದು ಬೇರೆ. ಹಾಡಿನ ರಚನೆಗೆ ಒಂದು ಹಕ್ಕು, ರೆಕಾರ್ಡಿಂಗ್‌ಗೆ ಇನ್ನೊಂದು. ನೀವೇ ಹಾಡಿದರೂ ರಚನೆ ಅವರದ್ದೇ, ಪರವಾನಗಿ ಬೇಕು.

ನಾಲ್ಕುಜನ

ಬ್ಯಾಂಡ್‌ನವರು ಇದನ್ನು ಓದುತ್ತಿದ್ದರೆ: ಯಾರಿಗೆ ಎಷ್ಟು ಪಾಲು ಅಂತ ಮೊದಲ ಸಿಡಿ ಮಾರುವ ಮುಂಚೆ ಬರೆದಿಟ್ಟುಕೊಳ್ಳಿ. ನಾವು ಬರೆದಿಡಲಿಲ್ಲ. ಒಬ್ಬ ಗೆಳೆಯ ಬಿಟ್ಟುಹೋದ. ಹಣ ಚಿಕ್ಕದು, ನೋವು ಚಿಕ್ಕದಲ್ಲ.

ಒಂಟಿಗಿಟಾರ್

ಐದು ವಾರ ಆಯ್ತು, ಮತ್ತೆ ಬರೆಯುತ್ತಿದ್ದೇನೆ. ನಿನ್ನೆ ಒಂದು ಗಿಗ್ ಇತ್ತು, 34 ಜನ.

ಉಳಿದ ಸಿಡಿಗಳನ್ನೆಲ್ಲ ಒಂದೊಂದಾಗಿ ತೆರೆದು ಎರಡು ಚೀಟಿ ಸೇರಿಸಿದೆ. ಒಂದರಲ್ಲಿ ಎಂಟೂ ಹಾಡಿನ ಸಾಹಿತ್ಯ. ಇನ್ನೊಂದರಲ್ಲಿ ಡೌನ್‌ಲೋಡ್ ಕೋಡ್, ಮತ್ತು ಆ ಕೋಡ್‌ನಲ್ಲಿ ಸಿಡಿಯ ಎಂಟು ಹಾಡಿನ ಜೊತೆ ಬರೀ ಗಿಟಾರ್ ಇಟ್ಟುಕೊಂಡು ಹಾಡಿದ ಮೂರು ಹಾಡು ಕೂಡ ಸಿಗುತ್ತವೆ. ಹಿಂದಿನ ತಿಂಗಳ ಗಿಗ್‌ನಲ್ಲಿ ಕೋಣೆಯ ಮೈಕ್ ಇಟ್ಟು ರೆಕಾರ್ಡ್ ಮಾಡಿದವು. ಒಂದರಲ್ಲಿ ಯಾರೋ ಕೆಮ್ಮುವುದು ಕೇಳಿಸುತ್ತದೆ, ತೆಗೆಯಲಿಲ್ಲ.

ತಂಗಿ ಬಾಗಿಲ ಹತ್ತಿರ ದೀಪ ಹಚ್ಚಿಕೊಂಡು ಕೂತಿದ್ದಳು. ಮೂರನೇ ಹಾಡು ಮುಗಿದಾಗ ಒಂದು ವಾಕ್ಯ ಹೇಳಿದೆ. ಬಾಯಿ ಒಣಗಿತ್ತು, ಆದರೂ ಹೇಳಿದೆ. ಕೊನೆಯ ಚಪ್ಪಾಳೆ ಆದ ತಕ್ಷಣ ಗಿಟಾರ್ ಸ್ಟ್ಯಾಂಡಿಗೆ ಇಟ್ಟು ನಡೆದುಬಿಟ್ಟೆ. 11 ಸಿಡಿ ಹೋದವು. ಒಬ್ಬರು ಎರಡು ತೊಗೊಂಡರು, ಒಂದು ಅವರ ಅಮ್ಮನಿಗೆ.

ಒಬ್ಬ ಹುಡುಗ ತುಂಬ ಹೊತ್ತು ಪಕ್ಕದಲ್ಲೇ ನಿಂತಿದ್ದ. ಎಲ್ಲರೂ ಹೋದ ಮೇಲೆ ಬಂದು, ಎರಡನೇ ಹಾಡಿನ ಶ್ರುತಿ ಹೇಗೆ ಕಟ್ಟಿದ್ದೀರಿ ಅಂತ ಕೇಳಿದ. ಆರನೇ ತಂತಿ ಒಂದು ಸ್ವರ ಇಳಿಸಿದ್ದೇನೆ ಅಂದೆ, ಚೀಟಿಯ ಹಿಂದೆ ಬರೆದುಕೊಟ್ಟೆ. ಮುಂದಿನ ಸಲ ಸಾಹಿತ್ಯದ ಜೊತೆ ಗಿಟಾರ್‌ನ ಸ್ವರಮೇಳಗಳನ್ನೂ (ಕಾರ್ಡ್ಸ್) ಶ್ರುತಿಯನ್ನೂ ಅಚ್ಚು ಹಾಕಿಸೋಣ ಅಂತಿದ್ದೇನೆ. ಯಾರಾದರೂ ಹಾಗೆ ಮಾಡಿದ್ದೀರಾ? ಅಕ್ಷರ ಎಷ್ಟು ದೊಡ್ಡದಿರಬೇಕು, ಸಿಡಿಯೊಳಗೆ ಕೂರುವ ಹಾಳೆಯಲ್ಲಿ ಹಿಡಿಯುತ್ತದಾ?

ಕೇಳುಗಿ

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಹಿಡಿಯುತ್ತದೆ. ಆ ಕೆಮ್ಮು ಇರುವ ಹಾಡು ನನಗೂ ಒಂದು ಬೇಕು, ಮುಂದಿನ ಗಿಗ್ ಯಾವಾಗ?